ಕನ್ನಡಕದ ಮಾಮನ ತಕರಾರು

ಕನ್ನಡಕದ ಮಾಮ ಯಾರ ಮುಖವನ್ನೂ ಮೊದಲಿಗೆ ನೇರವಾಗಿ ನೋಡಿದವನಲ್ಲ. ಅವನ ದೃಷ್ಟಿ ಹೋಗಿ ಕೂರುವುದು ಎದುರಿಗಿದ್ದವರ ಕನ್ನಡಕದ ಅಂಚಿನಲ್ಲಿ, ಗಾಜಿನ ಹಿಂದೆ ಕೆನ್ನೆಯ ಗೆರೆ ಎಷ್ಟು ಒಳಸರಿದು ಕಾಣುತ್ತದೆ ಎಂಬಲ್ಲಿ. ಗೆರೆ ಒಳಸರಿದಷ್ಟೂ ಪವರ್ ಹೆಚ್ಚು. ಆ ಅಂದಾಜು ಮುಗಿದ ಮೇಲೆಯೇ "ಬನ್ನಿ, ಆರಾಮಾ?" ಎಂಬ ಕುಶಲಪ್ರಶ್ನೆ.

ಅಂಗಡಿಯೋ ಬಲು ಸಪೂರ. ಕಪಾಟಿಗೂ ಗೋಡೆಗೂ ನಡುವೆ ಓರೆಯಾಗಿ ಸರಿದು ಸರಿದು ಅಭ್ಯಾಸವಾಗಿ, ಆನೆ ಹಿಡಿಸುವಂಥ ಬೀದಿಯಲ್ಲೂ ಮಾಮ ಓರೆಯಾಗಿಯೇ ನಡೆಯುತ್ತಾನೆ. ಮೈಮೇಲೆ ಬೂದುಬಣ್ಣದ ಕೋಟು. ಅದರ ಜೇಬುಗಳು ಸಣ್ಣ ಸ್ಕ್ರೂಗಳ, ಮುರಿದ ಕಡ್ಡಿಗಳ, ಒರೆಸುವ ಬಟ್ಟೆಗಳ ಭಾರಕ್ಕೆ ಜೋತು ಮೊಣಕಾಲನ್ನು ಮಾತಾಡಿಸುತ್ತವೆ. ಗಾಜು ಸಾಣೆ ಹಿಡಿಯುವ ಯಂತ್ರದ ನೆತ್ತಿಯ ಮೇಲೊಂದು ಟಿವಿ. ಸಂಜೆಯಾಯಿತೆಂದರೆ ಗಿರಾಕಿ, ಅವನ ತಂಗಿ, ಹರಟೆಗೆ ಬಂದ ನಾನು, ಯಾರಿದ್ದರೂ ಮಾಮನ ಮಾತು ಮಾತ್ರ ಟಿವಿಯ ಧಾರಾವಾಹಿಗಳ ಜೊತೆಗೆ.

"ಅಲ್ಲಾ, ನಂಗೊಂದು ಅರ್ಥ ಆಗ್ಲಿಲ್ಲ." ಅವನ ತಕರಾರುಗಳೆಲ್ಲ ಹೊರಡುವುದು ಇದೇ ಬಾಗಿಲಿನಿಂದ. "ಕನ್ನಡಕ ಒಡೆದು ಕಣ್ಣು ಕಾಣದೆ ಮೊನ್ನೆ ಮೆಟ್ಟಿಲಿಂದ ಉರುಳಿದಳಲ್ಲ ಈಯಮ್ಮ, ಇವತ್ತು ಬರಿಗಣ್ಣಲ್ಲಿ ಸೂಜಿಗೆ ದಾರ ಪೋಣಿಸ್ತಿದಾಳೆ! ಒಡೆದಿದ್ದೂ ಬರೀ ಗಾಜು ಬಿಡಿ, ಅದ್ರಲ್ಲಿ ಪವರೇ ಇರ್ಲಿಲ್ಲ."

"ಕಥೆ ಕಣೋ ಅಣ್ಣ, ಕಥೆ. ಅವಳಿಗೂ ಕನ್ನಡಕದ ಚೀಟಿ ಬರೆದು ಕೊಡ್ತೀಯಾ?" ಎಂದು ತಂಗಿ ಅಂಗಡಿಗೆ ಹೊಂದಿದ ಮನೆಯ ಬಾಗಿಲಲ್ಲಿ ತರಕಾರಿ ಹೆಚ್ಚುತ್ತಲೇ ಚುಚ್ಚುವಳು.

"ಕಥೆ ಆದ್ರೆ ನಿನ್ನೆ ಹೇಳಿದ್ದು ಇವತ್ತು ನೆನಪಿರಬಾರದಾ? ಸುಳ್ಳು ಹೇಳೋನಿಗೆ ಜ್ಞಾಪಕಶಕ್ತಿ ಜಾಸ್ತಿ ಬೇಕಮ್ಮಾ."

ಸತ್ತವನು ಎದ್ದು ಬಂದರೆ ಮಾಮ ಕ್ಷಮಿಸಿಯಾನು. ಒಂದೇ ಮುಖದ ಇಬ್ಬರು ಹುಟ್ಟಿಕೊಂಡರೂ "ಇರ್ಲಿ, ಹೆತ್ತವಳ ಹೊಟ್ಟೆ ತಣ್ಣಗಿರ್ಲಿ" ಎಂದಾನು. ಆದರೆ ನೀರು ತರುತ್ತೇನೆಂದು ಒಳಗೆ ಹೋದ ಮೈದುನ ತಿಂಗಳುಗಟ್ಟಲೆ ಹೊರಗೇ ಬಾರದಿದ್ದರೆ, ಅವನನ್ನು ಯಾರೂ ಹುಡುಕದಿದ್ದರೆ, ಮಾಮನ ಸಂಕಟ ನೋಡಲಾಗದು. ಇನ್ನು ಟಿವಿಯ ಹಾಡಿನ ಸ್ಪರ್ಧೆಗಳ ವಿಷಯದಲ್ಲಿ ಅವನದು ಒಂದೇ ತೀರ್ಪು: "ಸ್ವರ ತಪ್ಪಿದ್ರೆ ನಡೆಯುತ್ತೆ, ಕಣ್ಣೀರು ತಪ್ಪಿದ್ರೆ ಮನೆಗೆ ಕಳಿಸ್ತಾರೆ." ಹಾಗೆಂದು ಒಂದು ಸ್ಪರ್ಧೆಯನ್ನೂ ಬಿಟ್ಟವನಲ್ಲ.

ವಿಧಿಯ ಕುಚೋದ್ಯ ನೋಡಿ, ಅಂಥದೇ ಸ್ಪರ್ಧೆಗೆ ಅವನ ತಂಗಿಯ ಮಗಳೇ ಆಯ್ಕೆಯಾದಳು. ತೊಟ್ಟಿಲ ವಯಸ್ಸಿನಿಂದ ಹಾಡುತ್ತ ಬಂದ ಹುಡುಗಿ. ದಪ್ಪ ಗಾಜಿನ ಕನ್ನಡಕ, ಪ್ರತಿ ಜೊತೆಯೂ ಮಾಮನ ಕೈಯದೇ. ಮೊದಲ ಸುತ್ತು ದಾಟಿದಳೆಂದು, ಮನೆಯವರ ಮಾತು ಚಿತ್ರಿಸಲು ಟಿವಿಯವರು ಅಂಗಡಿಗೇ ಬಂದರು. ಆ ದಿನ ಮಾಮ ಕೋಟಿಗೆ ಇಸ್ತ್ರಿ ಹಾಕಿಸಿದ್ದ.

ಟೋಪಿ ಹಾಕಿದ ನಿರ್ದೇಶಕ ಸುತ್ತಿ ಬಳಸದೆ ಹೇಳಿದ: "ಇವಳಿಗೆ ಮೆಲ್ಲಮೆಲ್ಲಗೆ ಕಣ್ಣು ಹೋಗ್ತಾ ಇದೆ ಅನ್ನಿ ಮಾಮ. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸ್ಕೊಳ್ಳಿ. ಅಷ್ಟು ಸಾಕು."

"ಎಲ್ಲಿ ಹೋಗ್ತಿದೆ? ನಾಲ್ಕು ವರ್ಷದಿಂದ ಅದೇ ಪವರ್."

"ಗೊತ್ತು ಮಾಮ. ಆದ್ರೆ ಕಥೆ ಇಲ್ದೋರಿಗೆ ಓಟು ಬೀಳಲ್ಲ. ನಿಮ್ಮ ಹುಡುಗಿ ಈ ವಾರಾನೇ ಮನೆಗೆ ಬಂದುಬಿಡ್ತಾಳೆ."

ತಂಗಿ ಕಣ್ಣಲ್ಲೇ ಬೇಡಿಕೊಂಡಳು. ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಮಾಮ ಕೈಯಲ್ಲಿದ್ದ ಗಾಜನ್ನು ಒರೆಸಿ ಕೆಳಗಿಟ್ಟ.

"ಅಲ್ಲಾ, ನಂಗೊಂದು ಅರ್ಥ ಆಗ್ಲಿಲ್ಲ. ಹೇಳ್ತೀನಪ್ಪ, ಹೇಳಿದೆ ಅಂತಿಟ್ಕೋ. ಮುಂದಿನ ವಾರ ಇವಳಿಗೆ ಇನ್ನೂ ಸ್ವಲ್ಪ ಕಾಣಬಾರದು. ಕೊನೇ ಸುತ್ತಿಗೆ ಪೂರ್ತಿ ಕಾಣಬಾರದು. ಗೆದ್ದಮೇಲೆ ಈ ಬೀದೀಲಿ ಹೇಗೆ ಓಡಾಡ್ತಾಳೆ? ನಾಳೆ ಹೆಣ್ಣು ಕೇಳೋಕೆ ಬಂದೋರಿಗೆ ಏನಂತ ಹೇಳೋದು? ಇದನ್ನೆಲ್ಲ ಯಾರು ನೋಡ್ಕೊಳ್ತಾರೆ?"

ನಿರ್ದೇಶಕ ನಕ್ಕ. "ಅಯ್ಯೋ ಮಾಮ, ಜನ ಒಂದು ವಾರಕ್ಕೆ ಎಲ್ಲ ಮರೀತಾರೆ."

"ನಾನು ಜನ ಅಲ್ವಾ?"

ಅವನ ದನಿ ಏರಿರಲಿಲ್ಲ. ಆಗ ಹುಡುಗಿ ತಲೆ ಎತ್ತಿ ಕ್ಯಾಮೆರಾಕ್ಕೆ ಎದುರಾಗಿ, "ನಂಗೆ ಕನ್ನಡಕ ಹಾಕಿದ್ರೆ ಎಲ್ಲ ಕಾಣುತ್ತೆ. ಹಾಡೋಕೂ ಬರುತ್ತೆ. ಬೇಕಾದ್ರೆ ಅದನ್ನೇ ತೋರಿಸಿ" ಎಂದಳು.

ತೋರಿಸಲಿಲ್ಲ. ಪ್ರಸಾರದ ಸಂಜೆ ಅವಳ ಹಾಡಿನಲ್ಲಿ ಅರ್ಧ ಚರಣವಷ್ಟೇ ಕತ್ತರಿಗೆ ಸಿಗದೆ ಉಳಿದಿತ್ತು, ಅಂಗಡಿಯ ಸುಳಿವೇ ಇರಲಿಲ್ಲ. ಓಟು ಬೀಳದೆ ಅವಳು ಮರಳಿ ಬಂದಳು. "ನಿನ್ನ ಹಾಳು ತಕರಾರು ನನ್ನ ಮಗಳನ್ನೇ ತಿಂತು" ಎಂದ ತಂಗಿ ಆಮೇಲೆ ಮಾತು ಬಿಟ್ಟಳು; ಬಾಗಿಲುಗಳು ಮಾತ್ರ ಅವಳ ಪರವಾಗಿ ದಢಾರೆನ್ನುತ್ತಿದ್ದವು. ಮಾಮ ಸಮಜಾಯಿಷಿ ಕೊಡಲಿಲ್ಲ. ತಪ್ಪೆಂದು ಒಪ್ಪಲೂ ಇಲ್ಲ.

ಮುಂದಿನ ವಾರ ಅದೇ ಹೊತ್ತಿಗೆ ಅವನು ಅದೇ ಕಾರ್ಯಕ್ರಮ ಹಾಕಿದಾಗ ತಂಗಿಯ ಮೌನ ಮುರಿಯಿತು.

"ಮಾನ ಮರ್ಯಾದೆ ಇಲ್ವೇನೋ ನಿಂಗೆ? ಆ ದರಿದ್ರವನ್ನೇ ಮತ್ತೆ ನೋಡ್ತೀಯಾ?"

"ಅಲ್ಲಾ, ಆ ತೊದಲೋ ಹುಡುಗ ಕಳೆದ ವಾರ ಜ್ವರದಲ್ಲಿ ನಡುಗ್ತಾ ಹಾಡಿದ್ನಲ್ಲಮ್ಮಾ. ವಾಸಿ ಆಯ್ತೋ ಇಲ್ವೋ ನೋಡ್ಬೇಡ್ವಾ?"

"ಆ ಜ್ವರಾನೂ ಅವ್ರೇ ಬರೆದು ಕೊಟ್ಟಿದ್ದು ಮಾಮ" ಎಂದಳು ಹುಡುಗಿ.

"ಇರ್ಬಹುದು. ಬರೆದೋರೇ ಜ್ವರ ಇಳಿಸಬೇಕು ತಾನೇ?"

ಹುಡುಗಿಗೆ ನಗು ಬಂತು. ಸೋತು ಬಂದಮೇಲೆ ಅವಳು ನಕ್ಕಿದ್ದು ನಾನು ಕಂಡಂತೆ ಅದೇ ಮೊದಲು. ಸ್ಟೂಲು ಎಳೆದು ಮಾಮನ ಪಕ್ಕ ಕೂತಳು. ತಂಗಿ ಗೊಣಗುತ್ತಲೇ ಬಾಗಿಲಿಗೆ ಒರಗಿ ನಿಂತಳು.

ಮಾಮನಂಥವರನ್ನು ನಾವು ಅರಸಿಕರೆಂದು, ಮೊಸರಲ್ಲಿ ಕಲ್ಲು ಹುಡುಕುವವರೆಂದು ಜರೆಯುತ್ತೇವೆ. ನನಗೋ, ಕಥೆಯನ್ನು ಮನಸಾರೆ ನಂಬುವವರು ಅವರೇ ಅನಿಸುತ್ತದೆ. ನಾವಾದರೋ ಅತ್ತು, ಕಣ್ಣೊರೆಸಿಕೊಂಡು, ಊಟಕ್ಕೆ ಏಳುತ್ತೇವೆ. ನಮ್ಮನ್ನು ಅಳಿಸಿದವರ ಗತಿ ಏನಾಯಿತೆಂದು ಕೇಳುವುದಿಲ್ಲ. ಇವರು ಬೈಯುತ್ತ ಬೈಯುತ್ತಲೇ, ಎಲ್ಲರೂ ಕ್ಷೇಮವಾಗಿ ಮನೆ ಸೇರುವವರೆಗೆ ದೀಪ ಆರಿಸದೆ ಕೂತಿರುವ ಜಾತಿ.