ಕಿವಿಯಲ್ಲಿ ಹತ್ತಿ

ಮನೆಯಲ್ಲಿ ಅವಳನ್ನು ಎಲ್ಲರೂ ಚೂಟಿ ಎಂದೇ ಕರೆಯುತ್ತಿದ್ದರು. ಹೆಸರಿಗೆ ತಕ್ಕ ನಾಲಿಗೆ. ಅಕ್ಕ ಗೋಡೆಯ ಜೊತೆ ಮಾತಾಡತೊಡಗಿದ ಮೇಲಂತೂ ಆ ನಾಲಿಗೆಗೆ ಪುರುಸೊತ್ತೇ ಇಲ್ಲ. ಅಕ್ಕನ ನಡಿಗೆ, ಅಕ್ಕನ ಗೊಣಗಾಟ ಎಲ್ಲವನ್ನೂ ಆಡಿ ತೋರಿಸಿ ನೆಂಟರಿಗೆ ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತಿದ್ದಳು. ಅಮ್ಮ ಮೊದಮೊದಲು ಗದರಿದಳು, ಆಮೇಲೆ ತಾನೂ ನಕ್ಕಳು. "ಅವಳ ಮಾತಿಗೆ ಕಿವಿಗೊಡ್ತಾ ಕೂತ್ರೆ ನಿಂಗೂ ತಲೆ ಕೆಡುತ್ತೆ" ಎಂದು ಅಮ್ಮನಿಗೆ ಪಾಠ ಹೇಳಿದವಳೂ ಚೂಟಿಯೇ.

ತಾನಂತೂ ಬೆಳಿಗ್ಗೆ ಎದ್ದವಳೇ ಎರಡು ತುಂಡು ಹತ್ತಿ ಹೊಸೆದು ಕಿವಿಗೆ ತುರುಕಿಕೊಳ್ಳುತ್ತಿದ್ದಳು. ಇಬ್ಬರಿಗೂ ಒಂದೇ ಕೋಣೆ, ಅಕ್ಕನ ಬಾಯಿಗೆ ಬಿಡುವಿಲ್ಲ. ಫೋನಿನಲ್ಲಿ ಜನರ ದೂರು ಕೇಳುವ ಕೆಲಸ ಚೂಟಿಯದು. ಆಫೀಸಿನ ಕುರ್ಚಿಯಲ್ಲಿ ಕೂತ ಮೇಲಷ್ಟೇ ಹತ್ತಿ ಹೊರಗೆ ಬರುತ್ತಿತ್ತು. ರಜಾದಿನ ಅದು ಕಿವಿಯಲ್ಲಿರುವುದೇ ನೆನಪಿರುತ್ತಿರಲಿಲ್ಲ.

ಅಕ್ಕನನ್ನು ಊರಾಚೆಯ ಆರೈಕೆ ಕೇಂದ್ರಕ್ಕೆ ಸಾಗಹಾಕಬೇಕು, ಕೋಣೆ ತನ್ನದಾಗಬೇಕು, ಇದೊಂದೇ ಅವಳ ಆಸೆ. ಅಮ್ಮ ಮೀನಮೇಷ ಎಣಿಸುತ್ತಿದ್ದಳು. ಮೆದುಳಿನ ವಿದ್ಯುತ್ತಿನಲ್ಲಿ ಕಾಯಿಲೆಯ ಗುರುತು ಸಿಗುತ್ತದೆಯೇ ಎಂದು ಆಸ್ಪತ್ರೆಯಲ್ಲಿ ಪರೀಕ್ಷೆ ನಡೆಯುತ್ತಿದೆ ಎಂದು ತಿಳಿದದ್ದೇ ತಡ, ರಜಾದಿನ ನೋಡಿ ಚೂಟಿ ಇಬ್ಬರನ್ನೂ ಹೊರಡಿಸಿದಳು. ಮೆಷೀನೇ ಹೇಳಿದರೆ ಅಮ್ಮ ಒಪ್ಪಲೇಬೇಕಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಕ್ಕ ಕಿಟಕಿಯ ಜೊತೆ ಮಾತಾಡಿದಳು.

ಪರೀಕ್ಷೆ ಮಾಡುವ ಟೆಕ್ನಿಷಿಯನ್ ದೊಡ್ಡ ಗಂಟಲಿನ ಹೆಂಗಸು. ಅಮ್ಮನನ್ನು ಹೊರಗೆ ಕೂರಿಸಿ, ಅಕ್ಕನ ತಲೆಗೆ ತಂತಿಗಳ ಟೋಪಿ ಹಾಕಿ, ಅದರ ತೂತುಗಳಿಗೆಲ್ಲ ಜೆಲ್ ತುಂಬಿ, ಕಿವಿಗೆ ಹೆಡ್‌ಫೋನ್ ಇಟ್ಟಳು.

"ಒಂದೇ ಥರ ಸಣ್ಣ ಸದ್ದು ಬರ್ತಿರುತ್ತೆ, ಮಧ್ಯೆ ಬೇರೆ ಥರದ್ದು ಒಂದು. ಚೆನ್ನಾಗಿರೋ ಮೆದುಳು ಅದಕ್ಕೆ ತಾನಾಗೇ ಬೆಚ್ಚುತ್ತೆ, ಇಲ್ಲಿ ಪರದೆ ಮೇಲೆ ಗೆರೆ ಏಳುತ್ತೆ. ನೀವು ಸದ್ದಿನ ಕಡೆ ಗಮನ ಕೊಡ್ಬೇಡಿ, ಸುಮ್ನೆ ಈ ಮೂಕಿ ಚಿತ್ರ ನೋಡ್ತಿರಿ."

ಅಕ್ಕನ ಗೆರೆ ಅಷ್ಟಿಷ್ಟು ಎದ್ದಿತು, ಅಷ್ಟೆ. ಹೋಲಿಸಲು ಮನೆಯವರದೊಂದು ಬೇಕು ಎಂದು ಟೆಕ್ನಿಷಿಯನ್ ಹೇಳಿದಾಗ ಚೂಟಿ ಎದ್ದು ಬಂದಳು. "ಹಾಕಿ, ನೆಟ್ಟಗಿರೋ ತಲೆ ಹೇಗಿರುತ್ತೆ ಅಂತ ಇವಳೂ ನೋಡ್ಲಿ."

"ಅವಳ ಕಿವೀಲಿ ಹತ್ತಿ ಇದೆ" ಎಂದಳು ಅಕ್ಕ, ಮೆಲ್ಲಗೆ.

ಚೂಟಿಗೆ ಕಂಡದ್ದು ಅಲುಗುವ ತುಟಿ ಮಾತ್ರ. ಹಣೆಯ ಪಕ್ಕ ಬೆರಳು ತಿರುಗಿಸಿ ಟೆಕ್ನಿಷಿಯನ್‌ಗೆ ಕಣ್ಣು ಹೊಡೆದಳು. ಆಕೆ ಕಿಸಕ್ಕನೆ ನಕ್ಕು, ಅಕ್ಕನನ್ನು ಹೊರಗೆ ಕಳಿಸಿ, ಚೂಟಿಗೂ ಟೋಪಿ ಹಾಕಿ ಜೆಲ್ ತುಂಬಿ, ಕಿವಿ ಮುಚ್ಚಿದ ಕೂದಲಿನ ಮೇಲೆಯೇ ಹೆಡ್‌ಫೋನ್ ಕೂರಿಸಿದಳು. ಚೂಟಿ ಮೂಕಿ ಚಿತ್ರ ನೋಡಿ ಬೇಕಾದಷ್ಟು ನಕ್ಕಳು.

ಡಾಕ್ಟರು ಅಮ್ಮನಿಗೆ ಬಿಡಿಸಿ ಹೇಳಿದರು: "ಇದು ಇನ್ನೂ ಅಧ್ಯಯನ ಅಷ್ಟೇ. ಗೆರೆ ನೋಡಿ ಒಬ್ಬರಿಗೆ ಕಾಯಿಲೆ ಇದೆ, ಇಲ್ಲ ಅನ್ನೋಕೆ ಆಗಲ್ಲ. ಇನ್ನೊಮ್ಮೆ ಮಾಡಿ ನೋಡೋಣ." ಅಮ್ಮನ ತಲೆಯಲ್ಲಿ ಉಳಿದದ್ದು ಅದಲ್ಲ, ಕಾರಿಡಾರಿನಲ್ಲಿ ಟೆಕ್ನಿಷಿಯನ್ ತಡೆಯಲಾರದೆ ಉಸುರಿದ್ದು. "ದೊಡ್ಡವಳದ್ದಾದ್ರೂ ಚೂರು ಎದ್ದಿತ್ತು. ಚಿಕ್ಕವಳದ್ದು ಅಲ್ಲಾಡ್ಲೇ ಇಲ್ಲ ಕಣಮ್ಮ."

ಮನೆಗೆ ಬಂದು ಜೆಲ್ ತೊಳೆಯುವಾಗ ಚೂಟಿಯ ಬೆರಳಿಗೆ ಹತ್ತಿ ತಾಗಿತು. ಹೊರಗೆ ತೆಗೆದದ್ದೇ ಅಮ್ಮನ ದನಿ ಕೇಳಿಸಿತು. ಅಮ್ಮ ಕೇಂದ್ರಕ್ಕೆ ಫೋನು ಮಾಡಿದ್ದಳು.

"ಒಂದಲ್ಲಮ್ಮ, ಎರಡು ಹಾಸಿಗೆ ಸಿಗುತ್ತಾ?"

ಚೂಟಿ ಒದ್ದೆ ತಲೆಯಲ್ಲೇ ಓಡಿ ಬಂದು ಹತ್ತಿ ಹಿಡಿದು ತೋರಿಸಿದಳು. "ಅಮ್ಮಾ, ಇದು ಕಿವೀಲಿತ್ತು! ನಂಗೆ ಸದ್ದೇ ಕೇಳಿಸಿರ್ಲಿಲ್ಲ!" ತನ್ನ ಕೂಗು ತನಗೇ ಅಕ್ಕನ ದನಿಯ ಹಾಗೆ ಕೇಳಿಸಿತು.

ಅಮ್ಮ ಅವಳ ಕೈಯನ್ನು ನೋಡಲಿಲ್ಲ, ಕಣ್ಣುಗಳನ್ನು ನೋಡಿದಳು.

"ಹೌದಮ್ಮ, ಹತ್ತಿ ಇತ್ತು" ಎಂದಳು ಬಾಗಿಲಲ್ಲಿ ನಿಂತಿದ್ದ ಅಕ್ಕ. "ನಾನು ಅಲ್ಲೇ ಹೇಳ್ದೆ."

"ಕೇಳು ಅಮ್ಮಾ, ಅಕ್ಕ ಹೇಳ್ತಿರೋದು ನಿಜ! ಅವಳನ್ನೇ ಕೇಳು!"

"ಅಯ್ಯೋ, ಇಬ್ರೂ ಒಂದೇ ರಾಗ ಶುರು ಮಾಡಿದ್ರಲ್ಲ" ಎಂದು ಅಮ್ಮ ಹಣೆ ಚಚ್ಚಿಕೊಂಡಳು. ಅವಳಿಗೆ ಭಯವಾಗಿತ್ತು. ಚೂಟಿ ಕೂಗುತ್ತಲೇ ಇದ್ದಳು. ಅಮ್ಮ ಕೋಣೆಗೆ ಹೋಗಿ, ಚೂಟಿಯ ದಿಂಬಿನ ಪಕ್ಕದಲ್ಲಿದ್ದ ಹತ್ತಿಯ ಸುರುಳಿಯಿಂದ ಎರಡು ತುಂಡು ಕಿತ್ತು, ಹೊಸೆದು, ಕಿವಿಗೆ ಇಟ್ಟುಕೊಂಡಳು.