ಎ.ಸಿ.ಗೆ ಇಷ್ಟು, ಅದೆಲ್ಲ ಬೇರೆ

ನಡು ಮಧ್ಯಾಹ್ನ. ಮೂರನೇ ಮಹಡಿಯ ಕೋಣೆಯಲ್ಲಿ ಟೈಲರಕ್ಕನ ಗಂಡ ಮಗ್ಗುಲಿಂದ ಮಗ್ಗುಲಿಗೆ ಹೊರಳುತ್ತಿದ್ದ. ಊರೆಲ್ಲ ಮಲಗಿದಾಗ ಅವನು ಬೇಕರಿಯಲ್ಲಿ ಭಟ್ಟಿಯ ಮುಂದೆ ನಿಲ್ಲುತ್ತಾನೆ. ಊರೆಲ್ಲ ಎದ್ದಾಗ ಮನೆಗೆ ಬಂದು ಮಲಗುತ್ತಾನೆ. ಮಲಗುತ್ತಾನೆ ಅನ್ನೋದು ಬರೀ ಹೆಸರಿಗೆ. ಮೇಲೆ ಕಾದ ತಾರಸಿ, ಕೆಳಗೆ ಬೆವರಿಗೆ ಒದ್ದೆಯಾದ ಹಾಸಿಗೆ, ನಡುವೆ ಬಿಸಿಗಾಳಿಯನ್ನೇ ತಿರುಗಿಸಿ ತಿರುಗಿಸಿ ಕೊಡುವ ಫ್ಯಾನು. ಹೋದ ವಾರ ನಿಂತಲ್ಲೇ ತೂಕಡಿಸಿ, ಬಿಸಿ ತಟ್ಟೆಗೆ ಕೈ ತಾಗಿಸಿ, ಮೊಣಕೈವರೆಗೆ ಸುಟ್ಟುಕೊಂಡು ಬಂದಿದ್ದ.

"ಹಗಲು ನಿದ್ದೆ ಮಾಡ್ಸಮ್ಮ. ಇಲ್ದಿದ್ರೆ ಇನ್ನೊಂದ್ಸಲ ಬರೀ ಕೈಗೆ ಮುಗಿಯಲ್ಲ" ಎಂದು ಡಾಕ್ಟರು ಬೈದು ಕಳಿಸಿದ್ದರು.

ಆ ಮಾತು ಅಕ್ಕನ ಎದೆಯಲ್ಲಿ ಕೂತುಬಿಟ್ಟಿತು. ಕೂಡಿಟ್ಟ ದುಡ್ಡು ತೆಗೆದುಕೊಂಡು ಸೀದಾ ಎ.ಸಿ. ಅಂಗಡಿಗೆ ಹೋದಳು. ಬಾಗಿಲಲ್ಲೇ ಆಳೆತ್ತರದ ಅಕ್ಷರ: ಫಿಟಿಂಗ್ ಉಚಿತ. ಅಂಗಡಿಯವನು ಕೋಣೆಯ ಅಳತೆ ಕೇಳಿದ. ಅಳತೆ ವಿಷಯದಲ್ಲಿ ನಮ್ಮ ಅಕ್ಕನನ್ನು ಹಿಡಿಯುವವರುಂಟೇ? ಉದ್ದ, ಅಗಲ, ಎತ್ತರ, ಕಿಟಕಿ, ಎಲ್ಲವನ್ನೂ ಇಂಚಿನ ಲೆಕ್ಕದಲ್ಲಿ ಗಡಗಡನೆ ಒಪ್ಪಿಸಿದಳು. ಚೀಟಿಯಲ್ಲಿದ್ದ ಬೆಲೆಗೆ ಕೈಯಲ್ಲಿದ್ದ ದುಡ್ಡು ಸರಿಯಾಯಿತು. ಗೆದ್ದೆ ಅಂದುಕೊಂಡು ಮನೆಗೆ ಬಂದಳು.

ಮಾರನೇ ದಿನ ಪೆಟ್ಟಿಗೆ ಬಂತು. ಹಿಂದೆಯೇ ಫಿಟಿಂಗ್‌ನವರು ಇಬ್ಬರು ಬಂದರು. ದಪ್ಪಗಿದ್ದವನು ಕೋಣೆ ನೋಡಿದ, ತೆಳ್ಳಗಿದ್ದವನು ಗೋಡೆ ತಟ್ಟಿದ.

"ಎಲ್ಲಿ ಹಾಕೋದಕ್ಕಾ?"

"ಇಲ್ಲೇ, ನನ್ನ ಹೊಲಿಗೆ ಮೆಷಿನ್ ಮೇಲಿರೋ ಒಳಗೋಡೆಗೆ. ಆ ಕಡೆ ಬಾಲ್ಕನಿ ಗೋಡೆ ತುಂಬ ಬಟ್ಟೆ ರ‍್ಯಾಕು ಇದೆಯಲ್ಲ."

"ಹಾಗಾದ್ರೆ ಪೈಪು ಇಪ್ಪತ್ತೆರಡು ಅಡಿ ಬೇಕು. ಪೆಟ್ಟಿಗೆ ಜೊತೆ ಬರೋದು ಹತ್ತಡಿ ಹತ್ತಿರ ಅಷ್ಟೇ. ತಾಮ್ರದ ಪೈಪಕ್ಕಾ, ಮಿಕ್ಕಿದ್ದು ಅಡಿ ಲೆಕ್ಕ."

"ಫಿಟಿಂಗ್ ಉಚಿತ ಅಂತ ಬರೆದಿದ್ರಲ್ಲಪ್ಪ!"

"ಫಿಟಿಂಗ್ ಉಚಿತಾನೇ. ಪೈಪು ಬೇರೆ. ಹೊರಗಿಡೋ ಮೆಷಿನ್ನಿಗೆ ಸ್ಟ್ಯಾಂಡ್ ಬೇರೆ. ಗೋಡೆ ಕೊರೆಯೋದು ಬೇರೆ. ನೀರು ಹೋಗೋ ಪೈಪು, ವೈರು, ಅದೆಲ್ಲ ಬೇರೆ."

ಅಕ್ಕನಿಗೆ ತಲೆ ಗಿರ್ರೆಂದಿತು. ಎಲ್ಲ ಬೇರೆಯಾದರೆ ಉಚಿತ ಯಾವುದು? ಸ್ಕ್ರೂ ತಿರುಗಿಸೋದಾ? ಕೇಳಲು ನಾಚಿಕೆಯಾಯಿತು. ತೆಳ್ಳಗಿನವನು ಕನಿಕರದಿಂದ, "ವೈರಿನ ಖರ್ಚು ಬೇಡ ಅಂದ್ರೆ ಸದ್ಯಕ್ಕೆ ನಿಮ್ಮ ಇಸ್ತ್ರಿ ಪ್ಲಗ್ಗಿಗೇ ಕೊಟ್ಬಿಡ್ಲಾ?" ಎಂದ. ಹೂಂ ಅನ್ನಬೇಕೋ ಉಹೂಂ ಅನ್ನಬೇಕೋ ತಿಳಿಯದೆ, "ನಾಳೆ ಹೇಳ್ತೀನಪ್ಪ" ಎಂದು ಅವರನ್ನು ಸಾಗಹಾಕಿದಳು.

ನಾಳೆ ಹೋಗಿ ನಾಡಿದ್ದು ಆಯಿತು. ಪೆಟ್ಟಿಗೆ ಕೋಣೆಯ ನಟ್ಟನಡುವೆ ಕೂತಿತ್ತು. ಅಕ್ಕ ಅದರ ಮೇಲೆಯೇ ಬಟ್ಟೆ ಹಾಸಿ ಕತ್ತರಿಸತೊಡಗಿದಳು. ಪಕ್ಕದ ಮನೆಯವಳು ವಾಪಸ್ ಕೊಡು ಎಂದಳು. ಕೆಳಗಿನ ಕ್ಷೌರದ ಅಂಗಡಿಯವನು ಹಳೇ ಪೈಪು ಹಾಕಿಸು ಎಂದ. ಅಂಗಡಿಗೆ ಫೋನು ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಎಂದು ಒತ್ತಿಸಿ ಒತ್ತಿಸಿ ಕೊನೆಗೆ ಹಾಡು ಕೇಳಿಸಿದರು. ಯಾರ ಮಾತು ಕೇಳೋದು, ಯಾರ ಮಾತು ಬಿಡೋದು?

"ತಂಪೆಲ್ಲ ಪೆಟ್ಟಿಗೆಯೊಳಗೆ, ನಾನು ಹೊರಗೆ" ಎಂದು ಗಂಡ ಅದಕ್ಕೇ ಕಾಲು ಒರಗಿಸಿ ನರಳಿದ. "ಏನೇ ನಿಂದು? ಸುಮ್ನೆ ಪ್ಲಗ್ಗಿಗೆ ಚುಚ್ಚಿಸು, ಸಾಕು. ಇವತ್ತೂ ನಿದ್ದೆ ಇಲ್ದೆ ಭಟ್ಟಿ ಮುಂದೆ ನಿಲ್ಲೋಕೆ ಭಯ ಆಗುತ್ತೆ ನಂಗೆ."

ಅವನ ಬಾಯಲ್ಲಿ ಭಯ ಅನ್ನೋ ಮಾತು ಅಕ್ಕ ಯಾವತ್ತೂ ಕೇಳಿರಲಿಲ್ಲ. ಫಿಟಿಂಗ್‌ನವರ ನಂಬರು ಹುಡುಕುತ್ತಿರುವಾಗಲೇ ಮೆಟ್ಟಿಲ ಮೇಲೆ ಸದ್ದಾಯಿತು. ಬೀದಿಬೀದಿ ಸುತ್ತಿ ಕರೆಂಟ್ ಮೀಟರ್ ಓದುವ ಮೀಟರಮ್ಮ, ಹೊಲಿಯಲು ಕೊಟ್ಟ ಪ್ಯಾಂಟು ಒಯ್ಯಲು ಬಂದಿದ್ದಳು. ಅಕ್ಕ ದುಡ್ಡು ಹೇಳಿದಳು.

"ಅಕ್ಕಾ, ಇದೇನಿದು! ರೇಟ್ ಬೋರ್ಡಲ್ಲಿ ಇದರ ಅರ್ಧ ಇದೆಯಲ್ಲ?"

"ಅದು ಹೊಲಿಗೆಗಮ್ಮ. ಲೈನಿಂಗ್, ಜಿಪ್ಪು, ಗುಂಡಿ, ಅದೆಲ್ಲ ಬೇರೆ."

ಅಂದಳು, ಅಂದು ಅಲ್ಲೇ ನಿಂತಳು. ಇದೇ ಮಾತು, ಇದೇ ದನಿ, ಮೊನ್ನೆಯಷ್ಟೇ ಈ ಕೋಣೆಯಲ್ಲಿ ಕೇಳಿದ್ದಳು. ನಾಚಿಕೆಯಾಯಿತು, ನಗುವೂ ಬಂತು. ಪೆಟ್ಟಿಗೆಯ ಮೇಲೆ ಕುಸಿದು ಕೂತು ಕಥೆಯೆಲ್ಲ ಹೇಳಿಕೊಂಡಳು.

ಮೀಟರಮ್ಮ ಮೊದಲು ಹೋಗಿ ಇಸ್ತ್ರಿ ಪ್ಲಗ್ಗು ನೋಡಿದಳು. ಬಿಳಿ ಪ್ಲಾಸ್ಟಿಕ್ಕು ಒಂದು ಕಡೆ ಕಂದು ತಿರುಗಿತ್ತು.

"ನೋಡಕ್ಕಾ, ಇಸ್ತ್ರಿ ಪೆಟ್ಟಿಗೆ ಅರ್ಧ ಗಂಟೆಗೇ ಇದನ್ನ ಹೀಗೆ ಸುಟ್ಟಿದೆ. ಎ.ಸಿ. ಇಡೀ ಮಧ್ಯಾಹ್ನ ಓಡುತ್ತೆ. ಇದಕ್ಕೆ ಕೊಟ್ರೆ, ಅಣ್ಣ ಮಲಗಿರೋವಾಗ ಬೆಂಕಿ ಹತ್ಕೊಂಡ್ರೆ ಯಾರು ಗತಿ?"

ಗಂಡ ಎದ್ದು ಕೂತ. "ಎಲ್ರೂ ಹಾಗೇ ಹಾಕಿಸ್ತಾರಮ್ಮ. ಸುಮ್ನೆ ಹೆದರಿಸ್ಬೇಡ."

"ಅಣ್ಣಾ, ನಿಮ್ಮ ಬೇಕರಿಯಲ್ಲಿ ಹಿಟ್ಟು ಕಲಸೋ ಮೆಷಿನ್‌ನ ಯಾವ ಪ್ಲಗ್ಗಿಗೆ ಚುಚ್ಚಿದ್ದಾರೆ?"

"ಅದಕ್ಕೆ ಪ್ಲಗ್ಗು ತಡಿಯುತ್ತಾ? ಮೀಟರ್‌ನಿಂದಲೇ ಬೇರೆ ಲೈನ್..." ಎಂದವನು ಸುಟ್ಟ ಕೈ ನೋಡಿಕೊಂಡ.

"ಅಷ್ಟೇ ಅಣ್ಣ. ಎ.ಸಿ.ಗೂ ಮೀಟರ್‌ನಿಂದ ದಪ್ಪ ವೈರು, ಲೋಡ್ ಹೆಚ್ಚಾದ್ರೆ ತಾನೇ ಕರೆಂಟ್ ಕಡಿಯೋಕೆ ಅದಕ್ಕೇ ಒಂದು ಟ್ರಿಪ್ ಸ್ವಿಚ್ಚು, ಸರಿಯಾದ ಅರ್ತಿಂಗು ಬೇಕು. ನಿಮ್ಮ ಮೀಟರಿಗೆ ಅಷ್ಟು ಲೋಡ್ ಮಂಜೂರಾಗಿದೆಯಾ ಅಂತಾನೂ ಕರೆಂಟ್ ಆಫೀಸಲ್ಲಿ ಕೇಳ್ಬೇಕು. ಇದ್ರಲ್ಲಿ ಮಾತ್ರ ಕಂಜೂಸ್ತನ ಬೇಡ."

"ಹಾಗಾದ್ರೆ ಇನ್ನೆಲ್ಲಿ ಉಳಿಸ್ಲಿ ತಾಯಿ?" ಎಂದಳು ಅಕ್ಕ ಅಳುಮುಖದಲ್ಲಿ.

"ಕೋಣೆಯೆಲ್ಲ ಅಳೆದ್ರಿ. ಒಳಗಿನ ಮೆಷಿನ್ನಿಂದ ಹೊರಗಿನ ಮೆಷಿನ್ನಿಗೆ ಎಷ್ಟು ದೂರ ಅಂತ ಅಳೆದ್ರಾ?"

ಅಕ್ಕ ಕಣ್ಣುಕಣ್ಣು ಬಿಟ್ಟಳು. ಊರಿನವರ ಸೊಂಟವನ್ನೆಲ್ಲ ಅಳೆದ ಟೇಪು ಅದೊಂದನ್ನು ಅಳೆದಿರಲಿಲ್ಲ.

"ರ‍್ಯಾಕು ಒಳಗೋಡೆಗೆ ಸರಿಸಿ. ಎ.ಸಿ. ಬಾಲ್ಕನಿ ಗೋಡೆಗೆ ಹಾಕ್ಸಿ. ಹೊರಗಿನದನ್ನ ಬಾಲ್ಕನಿ ನೆಲದ ಮೇಲೇ ಇಟ್ರೆ ಸಣ್ಣ ಸ್ಟ್ಯಾಂಡ್ ಸಾಕು. ಎಷ್ಟಡಿ ಬರುತ್ತೆ, ಈಗ ಅಳೀರಿ."

ಅಕ್ಕ ಟೇಪು ಬಿಚ್ಚಿದಳು. ಗೋಡೆಯ ದಪ್ಪ ಸೇರಿಸಿ ಅಳೆದಳು, ನಂಬಿಕೆ ಬರದೆ ಮತ್ತೆ ಅಳೆದಳು. ಎಂಟಡಿ. ಪೆಟ್ಟಿಗೆಯೊಳಗಿನ ಪೈಪೇ ಧಾರಾಳ!

ಲೈನಿನ ಖರ್ಚು ಮಾತ್ರ ತಪ್ಪಲಿಲ್ಲ. ಅದನ್ನು ಹೊಂದಿಸಲು ಹತ್ತು ದಿನ ಹಿಡಿಯಿತು. ಆ ಹತ್ತು ದಿನ ಗಂಡನನ್ನು ಭಟ್ಟಿಯಿಂದ ಪ್ಯಾಕಿಂಗ್ ಕೆಲಸಕ್ಕೆ ಹಾಕಿ ಎಂದು ಅಕ್ಕ ಖುದ್ದಾಗಿ ಹೋಗಿ ಬೇಕರಿ ಮಾಲೀಕರನ್ನು ಕೇಳಿದಳು. ಅವರು ಗೊಣಗಿಕೊಂಡೇ ಒಪ್ಪಿದರು. ಮೀಟರಮ್ಮ ಹೇಳಿದಂತೆ ತಾರಸಿಗೆ ಬಿಳಿ ಬಣ್ಣ ಬಳಿಸಿದಳು, ಉಳಿದ ದಪ್ಪ ಬಟ್ಟೆಯ ತುಂಡುಗಳನ್ನು ಜೋಡಿಸಿ ಬಿಸಿಲು ಬೀಳುವ ಕಿಟಕಿಗೆ ಪರದೆ ಹೊಲಿದಳು. ಎ.ಸಿ. ಬರುವ ಮೊದಲೇ ಕೋಣೆಯ ಕಾವು ಕೊಂಚ ಇಳಿದಿತ್ತು.

ಫಿಟಿಂಗ್‌ನವರು ಮತ್ತೆ ಬಂದಾಗ ಅಕ್ಕ ಬಾಗಿಲಲ್ಲೇ ಕಾಗದ, ಪೆನ್ನು ಹಿಡಿದು ನಿಂತಿದ್ದಳು. "ಯಾವುದ್ಯಾವುದು ಬೇರೆಯೋ ಎಲ್ಲ ಬರೆದು ಸಹಿ ಹಾಕ್ರಪ್ಪ. ಆಮೇಲೆ ಒಳಗೆ ಬನ್ನಿ."

ದಪ್ಪಗಿದ್ದವನು ತಲೆ ಕೆರೆದುಕೊಂಡು ಬರೆದ. ಅಂದುಕೊಂಡದ್ದಕ್ಕಿಂತ ಚಿಕ್ಕ ಪಟ್ಟಿ.

ಅಂದು ಮಧ್ಯಾಹ್ನ ಇಪ್ಪತ್ತಾರು ಡಿಗ್ರಿಗೆ ಎ.ಸಿ. ಇಟ್ಟು, ಫ್ಯಾನು ಸಣ್ಣಗೆ ಹಾಕಿ, ಅಕ್ಕ ಮೆಷಿನ್ ಮುಂದೆ ಕೂತಳು. ಗಂಡ ಎರಡೇ ನಿಮಿಷದಲ್ಲಿ ಗೊರಕೆ ಹೊಡೆಯತೊಡಗಿದ. ಎಷ್ಟು ತಿಂಗಳಾಗಿತ್ತು ಆ ಗೊರಕೆ ಕೇಳಿ! ಅಕ್ಕನಿಗೆ ಕರೆಂಟ್ ಮೆಷಿನ್ನಿನ ಪೆಡಲ್ ಒತ್ತಲು ಕಾಲೇ ಬರಲಿಲ್ಲ. ಸದ್ದಾದೀತೆಂದು ಗೋಡೆಯ ಮೇಲಿದ್ದ ತನ್ನ ಬೋರ್ಡನ್ನು ಮೆಲ್ಲಗೆ ಇಳಿಸಿ, ಹಳೆಯ ರೇಟು ಅಳಿಸಿ, ಹೊಸದಾಗಿ ಬರೆದಳು: ಪ್ಯಾಂಟು – ಲೈನಿಂಗ್, ಜಿಪ್ಪು, ಗುಂಡಿ ಎಲ್ಲ ಸೇರಿ.

ಐದು ಗಂಟೆಗಳ ನಂತರ ಗಂಡ ಗಾಬರಿಯಿಂದ ಎದ್ದು ಕೂತ. "ಯಾಕೇ ಮೆಷಿನ್ ಸದ್ದೇ ಇಲ್ಲ? ಕರೆಂಟ್ ಹೋಯ್ತಾ?"

"ಇಲ್ಲಾರೀ," ಎಂದಳು ಅಕ್ಕ, ಕಣ್ಣೊರೆಸಿಕೊಂಡು. "ಹೋಗಿದ್ದು ನಿಮ್ಮ ನಿದ್ದೆ. ಈಗ ಬಂತು."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ಎ.ಸಿ. ಬರುವುದಿದ್ದರೆ ಪೆಟ್ಟಿಗೆಯ ಬೆಲೆಯೊಂದನ್ನೇ ನೋಡಿ ದುಡ್ಡು ಎಣಿಸಬೇಡಿ. ಪೈಪು ಎಷ್ಟಡಿ, ಸ್ಟ್ಯಾಂಡ್ ಯಾರದು, ಗೋಡೆ ಕೊರೆಯುವುದಕ್ಕೆ ಎಷ್ಟು ಎಂದು ಕೊಳ್ಳುವ ಮೊದಲೇ ಕೇಳಿ, ಬರೆಸಿಕೊಳ್ಳಿ. ತಿಳಿದವರಿಂದ ವೈರಿಂಗ್ ನೋಡಿಸಿ. ತಿಂಗಳ ಕರೆಂಟ್ ಬಿಲ್ಲನ್ನೂ ಲೆಕ್ಕಕ್ಕೆ ಹಿಡಿಯಿರಿ. ಅರ್ಥವಾಗದಿದ್ದರೆ ಇನ್ನೊಂದು ಸಲ ಕೇಳಿ, ನಾಚಿಕೆ ಬೇಡ. ಯಾರಾದರೂ "ಅದೆಲ್ಲ ಬೇರೆ" ಅಂದರೆ, "ಯಾವುದೆಲ್ಲ?" ಎಂದು ಕೇಳದೆ ದುಡ್ಡು ಕೊಡಬೇಡಿ.