ಮೂರು ಬೆರಳು ಹೆಚ್ಚಾದ ಗೊಮೆಸಿ

ಮಸಾಕಾ ಪಟ್ಟಣದ ನಮ್ಮ ಓಣಿಯಲ್ಲಿ ನನ್ನ ಅತ್ತಿಗೆ ನಬ್ಬೋಸಾಗಿಂತ ಎತ್ತರದ ಹೆಂಗಸು ಇರಲಿಲ್ಲ. ಅದನ್ನು ಆಕೆ ಒಂದು ದಿನವೂ ಮರೆತವಳಲ್ಲ, ನನಗೂ ಮರೆಯಲು ಬಿಟ್ಟವಳಲ್ಲ. ಮೂವತ್ತು ವರ್ಷದಿಂದ ನನ್ನನ್ನು ಕರೆಯುತ್ತಿದ್ದುದೇ ‘ಕುಳ್ಳಿ’ ಎಂದು.

ತನ್ನ ತಮ್ಮನ ಮಗಳ ನಿಶ್ಚಿತಾರ್ಥಕ್ಕೆಂದು ಆಕೆ ದರ್ಜಿ ಕಿಬೇರುವಿನಿಂದ ಹೊಸ ಗೊಮೆಸಿ, ನಮ್ಮ ಹೆಂಗಸರು ಸಮಾರಂಭಕ್ಕೆ ಉಡುವ ಪಾದದುದ್ದದ ನಿಲುವಂಗಿ, ಹೊಲಿಸಿದಳು. ಉಟ್ಟು ನೋಡಿದರೆ ಅಂಚು ನೆಲ ಗುಡಿಸುತ್ತಿತ್ತು. ಉಟ್ಟ ಬಟ್ಟೆಯಲ್ಲೇ ಅಂಗಡಿಗೆ ನುಗ್ಗಿದಳು. ಅಂಚು ಎತ್ತಿ ಹಿಡಿದುಕೊಂಡು ಹಿಂದೆ ನಾನು.

“ಏನಯ್ಯಾ, ಇದನ್ನ ನನಗೆ ಹೊಲಿದಿದ್ದೋ, ಜಿರಾಫೆಗೋ?”

“ನಿಮ್ಮ ಹಳೇ ಅಳತೇನೇ ಅಮ್ಮಾ. ಆರು ವರ್ಷದಿಂದ ಅದರಲ್ಲೇ ಹೊಲೀತಿದೀನಿ.”

“ಹಾಗಾದ್ರೆ ನಿನ್ನ ಟೇಪು ಹಿಗ್ಗಿದೆ, ನಿನ್ನ ಹೊಟ್ಟೆ ಥರ!”

ಕಿಬೇರು ಆಕೆಯನ್ನು ಗೋಡೆಗೆ ನಿಲ್ಲಿಸಿ ಅಳೆದ. ಪಕ್ಕದಂಗಡಿಯ ಟೇಪು ತಂದು ಮತ್ತೆ ಅಳೆದ.

“ಗೊಮೆಸಿ ಉದ್ದ ಆಗಿಲ್ಲಮ್ಮಾ. ನೀವೇ ಮೂರು ಬೆರಳು ಗಿಡ್ಡ ಆಗಿದೀರಿ.”

“ಬನ್ನಿ ಅತ್ತಿಗೆ, ಕೆಳಗೂ ಗಾಳಿ ಚೆನ್ನಾಗಿದೆ,” ಎಂದೆ.

ಕಿಬೇರು ನಗಲಿಲ್ಲ. ಅವನ ಅತ್ತೆಗೂ ಹೀಗೇ ಆಗಿತ್ತಂತೆ. ಬೆನ್ನು ನೋಯುತ್ತದೆಯೇ ಎಂದು ಕೇಳಿದ. ನೋಯುತ್ತಿತ್ತು. ಎರಡು ತಿಂಗಳ ಹಿಂದೆ ಬಾಳೆಗೊನೆ ಎತ್ತುವಾಗ ‘ಕಟಕ್’ ಎಂದಿತ್ತು. ಮುಲಾಮು ಹಚ್ಚಿಕೊಂಡು ಸುಮ್ಮನಿದ್ದಳು.

ಮರುದಿನ ಎಳೆದುಕೊಂಡೇ ಆಸ್ಪತ್ರೆಗೆ ಹೋದೆ. ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು ವಿಚಾರಣೆ ಶುರುಮಾಡಿದರು.

“ಮುಟ್ಟು ನಿಂತಿದ್ದು ಯಾವಾಗ?”

“ನಲವತ್ತೆರಡಕ್ಕೇ. ಪೀಡೆ ತೊಲಗಿತು ಅಂದ್ಕೊಂಡೆ.”

“ಮೊದಲು ಮೂಳೆ ಮುರಿದಿತ್ತಾ?”

“ಇಲ್ಲ.”

“ಮಣಿಕಟ್ಟು!” ಎಂದೆ ನಾನು. “ಚರ್ಚಿನ ಮೆಟ್ಟಿಲ ಮೇಲೆ ಜಾರಿ.”

“ಅದು ಮೆಟ್ಟಿಲಿನ ತಪ್ಪು.”

“ನಿಮ್ಮ ತಾಯಿಗೆ ಬೆನ್ನು ಬಾಗಿತ್ತಾ?”

“ಬಾಗಿತ್ತು. ಅವಳಿಗೆ ವಿನಯ ಜಾಸ್ತಿ.”

“ಮಾತ್ರೆ ಏನಾದ್ರೂ?”

“ಉಬ್ಬಸಕ್ಕೆ ಸ್ಟೀರಾಯ್ಡು. ಔಷಧಿ ಅಂಗಡೀಲಿ ಚೀಟಿ ಇಲ್ದೇನೇ ಕೊಡ್ತಾರೆ, ಎಂಟು ವರ್ಷದಿಂದ ನುಂಗ್ತಿದೀನಿ.”

“ತಂಬಾಕು?”

“ಛೀ! ನಾನು ಚರ್ಚಿನ ಮಹಿಳಾ ಸಂಘದ ಅಧ್ಯಕ್ಷೆ!”

“ದಿನಕ್ಕೆ ಮೂರು ಚಿಲುಮೆ,” ಎಂದೆ. “ಕೋಳಿಗೂಡಿನ ಹಿಂದೆ.”

ಆಕೆ ನೋಡಿದ ನೋಟಕ್ಕೆ ನನ್ನ ಮೂಳೆಯೂ ಮುರಿಯಬೇಕಿತ್ತು.

ಎಕ್ಸ್‌ರೇಯಲ್ಲಿ ಬೆನ್ನಿನ ಎರಡು ಮೂಳೆಗಳು ತುಳಿದ ಡಬ್ಬಿಯಂತೆ ಕುಸಿದಿದ್ದವು. “ಮೂಳೆ ಟೊಳ್ಳಾಗಿದೆ,” ಎಂದರು ಡಾಕ್ಟರು. “ಮಣಿಕಟ್ಟು ಮುರಿದಾಗಲೇ ಬರಬೇಕಿತ್ತು. ಇಷ್ಟೆಲ್ಲ ಕಾರಣ ಒಬ್ಬರಲ್ಲೇ ಕೂಡಿದ್ದನ್ನ ನಾನು ನೋಡೇ ಇರಲಿಲ್ಲ.”

“ಕೇಳಿದ್ಯಾ?” ಎಂದು ಅತ್ತಿಗೆ ನನ್ನತ್ತ ಹೆಮ್ಮೆಯಿಂದ ತಿರುಗಿದಳು.

ಆದರೆ ವಾಪಸು ಬರುವಾಗ ವ್ಯಾನಿನಲ್ಲಿ, ಅರ್ಧ ದಾರಿಯಲ್ಲಿ ಮೆಲ್ಲಗೆ ಕೇಳಿದಳು: “ನಾನೂ ಅಮ್ಮನ ಹಾಗೆ ನೆಲ ನೋಡ್ಕೊಂಡೇ ಓಡಾಡ್ಬೇಕಾ?”

“ಔಷಧಿ ತಗೊಂಡ್ರೆ ಇಲ್ಲ ಅಂದ್ರಲ್ಲ. ಗೊನೆ ನಾನು ಹೊರ್ತೀನಿ, ಬಿಡಿ.”

ಆಕೆ ಚೀಲದಿಂದ ಚಿಲುಮೆ ತೆಗೆದು ನನ್ನ ಮಡಿಲಿಗೆ ಹಾಕಿದಳು.

ಕಿಬೇರು ಅಂಚು ಮಡಚಿ ಹೊಲಿದುಕೊಟ್ಟ. ನಿಶ್ಚಿತಾರ್ಥದ ದಿನ ಹೆಂಗಸರೆಲ್ಲ ನಮ್ಮ ಪದ್ಧತಿಯಂತೆ ಬಾಗಿ ಮಂಡಿಯೂರಿ ಗಂಡಿನ ಕಡೆಯವರಿಗೆ ವಂದಿಸಿದರೆ, ಬಾಗಬಾರದೆಂಬ ಡಾಕ್ಟರ ಮಾತನ್ನು ಶಿರಸಾವಹಿಸಿ ಅತ್ತಿಗೆ ಮಾತ್ರ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದಳು. ಯಾರಿಗೂ ಮಂಡಿಯೂರದ ಇವಳು ರಾಜನ ಅರಮನೆಯ ಕಡೆಯವಳೇ ಇರಬೇಕೆಂದು ತಿಳಿದು ವರನ ಸೋದರತ್ತೆ ಬಂದು ಅವಳ ಮುಂದೆಯೇ ಮಂಡಿಯೂರಿದಳು.

ಅತ್ತಿಗೆ ಗಂಭೀರವಾಗಿ ತಲೆಯಾಡಿಸಿದಳು. ತಪ್ಪು ತಿಳಿದಿದ್ದೀರೆಂದು ನಾವ್ಯಾರೂ ಹೇಳಲಿಲ್ಲ.